ದೂರ ಹೊಡೆಯುವ ವಿದ್ಯೆ



ಹೋದ ತಿಂಗಳು ನನಗೆ ಬಂದ ಪತ್ರಗಳಲ್ಲೊಂದು ಬೆಂಗಳೂರಿನದು. ಬರೆದವರು ನಮ್ಮ ಕುಂದಾಪುರದ ಕಡೆಯವರೇ. ಬಹುಕಾಲ ಅಲ್ಲಿ ಹೋಟೆಲು ನಡೆಸಿ, ಈಗ ವ್ಯವಹಾರವನ್ನು ಮಕ್ಕಳ ಕೈಗೆ ಒಪ್ಪಿಸಿರುವರು. ದಿನವೂ ನಾಲ್ಕು ಮೈಲಿ ನಡೆಯಲೇಬೇಕೆಂದು ವೈದ್ಯರ ಆಜ್ಞೆ. ಬರಿದೆ ನಡೆಯುವುದಕ್ಕೆ ಬೇಸರವಾಗಿ, ಐವತ್ತೆಂಟನೆಯ ವಯಸ್ಸಿನಲ್ಲಿ ಗಾಲ್ಫ್ ಆಟವನ್ನು ಕಲಿಯತೊಡಗಿದರಂತೆ. ನಡಿಗೆಯೂ ಆಯಿತು, ಸ್ನೇಹಿತರೂ ದೊರೆತರು, ರಾತ್ರಿ ನಿದ್ರೆಯೂ ಬಂದಿತು. ಆದರೆ ಡ್ರೈವರ್ ಎಂಬ ದೊಡ್ಡ ದಾಂಡನ್ನು ಕೈಗೆತ್ತಿಕೊಂಡೊಡನೆ ಚೆಂಡು ಬಲಗಡೆಯ ಮರಗಳೊಳಕ್ಕೆ ಹೋಗಿ ಮರೆಯಾಗುವುದು. ಸಂಜೆಗೆ ಸೊಂಟ ಹಿಡಿದುಕೊಳ್ಳುವುದು. “ಬಲ ಹಾಕಿದಷ್ಟೂ ಬಲಕ್ಕೇ ಹೋಗುತ್ತದೆ. ತೋಳಿನ ಶಕ್ತಿಯನ್ನು ಇನ್ನೂ ಬೆಳೆಸಿಕೊಳ್ಳಲೇ, ಅಥವಾ ಆಟವನ್ನೇ ಬಿಟ್ಟುಬಿಡಲೇ?” ಎಂದು ಕೇಳಿದ್ದಾರೆ.

ಎರಡೂ ಬೇಡ ಎಂಬುದೇ ನನ್ನ ಉತ್ತರ. ಅದು ಹೇಗೆಂಬುದನ್ನು ವಿವರಿಸುವುದಕ್ಕಾಗಿ ಈ ತಿಂಗಳ ಪುಟಗಳನ್ನು ಮೀಸಲಾಗಿಟ್ಟಿದ್ದೇನೆ. ನಾನು ಈ ಆಟದ ಪಂಡಿತನಲ್ಲ. ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿದ್ದಷ್ಟು ದಿವಸ ಅಳಿಯಂದಿರೊಡನೆ ಅಭ್ಯಾಸದ ಬಯಲಿಗೆ ಹೋಗಿ ಕಲಿತಷ್ಟು, ಮತ್ತು ಬಲ್ಲವರು ಬರೆದುದನ್ನು ಓದಿ ತಿಳಿದಷ್ಟು ನನ್ನ ಬಂಡವಾಳ. ಗಾಲ್ಫನ್ನು ಎಂದೂ ಆಡದ ವಾಚಕರೂ ಇದನ್ನು ಓದಬಹುದು. ಕೊಡಲಿ ಎತ್ತುವವರಿಗೂ, ಬಾವಿಯಿಂದ ನೀರು ಸೇದುವವರಿಗೂ, ಮಗುವನ್ನು ಎತ್ತಿಕೊಳ್ಳುವ ಅಜ್ಜಂದಿರಿಗೂ ಸಲ್ಲತಕ್ಕ ಮಾತು ಇದರಲ್ಲಿ ಕೊಂಚ ಉಂಟು.

ಆಟವೂ ದಾಂಡೂ

ಮೊದಲು ಆಟವು ಎಂಥದೆಂದು ಎರಡು ಮಾತು. ವಿಸ್ತಾರವಾದ ಹುಲ್ಲುಬಯಲಿನಲ್ಲಿ ಹದಿನೆಂಟು ಗುಳಿಗಳು. ಪ್ರತಿಯೊಂದು ಗುಳಿಗೂ ಒಂದು ಪ್ರಾರಂಭಸ್ಥಾನ. ಅಲ್ಲಿಂದ ಹೊರಟು, ಅತ್ಯಂತ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಗುಳಿಗೆ ಬೀಳಿಸಿದವನೇ ಗೆದ್ದವನು. ನಮ್ಮ ರಾಜ್ಯಕ್ಕೆ ಇದು ಹೊಸತಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿ ಗಾಲ್ಫ್ ಕ್ಲಬ್ಬು ಸ್ಥಾಪಿತವಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು. ಮೈಸೂರು, ಕೊಡಗು, ಚಿಕ್ಕಮಗಳೂರುಗಳಲ್ಲಿಯೂ ಆಟದ ಬಯಲುಗಳಿವೆ. ನಮ್ಮ ಕರಾವಳಿಯವರಿಗೆ ಮಂಗಳೂರಿನ ಬಳಿಯ ಪಿಲಿಕುಳದಲ್ಲಿ ಒಂದಿದೆ. ಇದು ಧನವಂತರ ವಿನೋದವೆಂಬ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೂ ಪರರ ದಾಂಡುಗಳ ಚೀಲವನ್ನು ಹೊತ್ತು ಜೀವನವನ್ನಾರಂಭಿಸಿದ ಬೆಂಗಳೂರಿನ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದರೆಂಬುದನ್ನೂ ಮರೆಯಬಾರದು.

ಆಟಗಾರನ ಚೀಲದಲ್ಲಿ ಹದಿನಾಲ್ಕು ದಾಂಡುಗಳವರೆಗೆ ಇರಬಹುದು. ಅವುಗಳಲ್ಲಿ ಎಲ್ಲಕ್ಕಿಂತಲೂ ಉದ್ದವಾದುದು ಡ್ರೈವರ್. ಡ್ರೈವರ್ ಎಂದರೆ ನಮ್ಮ ಮನೆಯ ಮಕ್ಕಳಿಗೆ ಬಸ್ಸು ನಡೆಸುವಾತನ ನೆನಪಾಗುವುದು. ಇಲ್ಲಿಯಾದರೋ ಅದು ದಾಂಡಿನ ಹೆಸರು. ಈ ದಾಂಡು ಸಾಮಾನ್ಯವಾಗಿ 45 ಅಂಗುಲದಷ್ಟು ಉದ್ದವಿರುವುದು. 48 ಅಂಗುಲವನ್ನು ಮೀರಕೂಡದೆಂದು ನಿಯಮ. ಇದರ ತಲೆಯು ಟೊಳ್ಳು. ಅದರ ಗಾತ್ರವು 460 ಘನ ಸೆಂಟಿಮೀಟರನ್ನು ಮೀರಕೂಡದು. ಚೆಂಡಿನ ತೂಕವು 45.93 ಗ್ರಾಮಿಗಿಂತ ಹೆಚ್ಚಿರಬಾರದು. ಅದರ ವ್ಯಾಸವು 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಎಂದರೆ, ಒಂದು ದೊಡ್ಡ ನಿಂಬೆಹಣ್ಣಿನಷ್ಟು ಚೆಂಡು. ಅದನ್ನು ಟೀ ಎಂಬ ಸಣ್ಣ ಗೂಟದ ಮೇಲೆ ಇಟ್ಟು, ಉದ್ದವಾದ ಗುಳಿಗಳಿಗೆ ಮೊದಲ ಹೊಡೆತವನ್ನು ಈ ದಾಂಡಿನಿಂದ ಹೊಡೆಯುವರು. ದಾಂಡು ಉದ್ದವಾದಷ್ಟು ತಲೆಯ ವೇಗವು ಹೆಚ್ಚು. ಅಂತೆಯೇ ತಪ್ಪುವ ಸಂಭವವೂ ಹೆಚ್ಚು. ನಮ್ಮ ಪತ್ರಲೇಖಕರ ಸಂಕಟಕ್ಕೆ ಮೂಲವಿರುವುದು ಇಲ್ಲಿ.

ಬಲವೋ ಕ್ರಮವೋ?

ಚೆಂಡು ದೂರ ಹೋಗುವುದು ಯಾತರಿಂದ? “ತೋಳಿನ ಬಲದಿಂದ” ಎಂಬುದು ಪೂರ್ವಪಕ್ಷ. ಇದನ್ನು ಪರೀಕ್ಷಿಸೋಣ.

ದಾಂಡಿನ ಮುಖಕ್ಕೂ ಚೆಂಡಿಗೂ ಸ್ಪರ್ಶವಿರುವ ಕಾಲವೆಷ್ಟು? ಒಂದು ಸೆಕೆಂಡನ್ನು ಎರಡು ಸಾವಿರ ಭಾಗಗಳನ್ನಾಗಿ ಮಾಡಿದರೆ ಅದರಲ್ಲಿ ಸುಮಾರು ಒಂದು ಭಾಗ. ಹೊಡೆತದ ಅದಿರು ಕೋಲಿನ ಮಾರ್ಗವಾಗಿ ಕೈಗೆ ಬಂದು ತಲಪಿ, ಮನಸ್ಸಿಗೆ “ತಗುಲಿತು” ಎಂದು ತಿಳಿಯುವಷ್ಟರಲ್ಲಿ ಚೆಂಡು ಹೊರಟುಹೋಗಿರುವುದು. ಆದುದರಿಂದ ತಗುಲುವ ಕ್ಷಣದಲ್ಲಿ ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಬಲವನ್ನು ಸೇರಿಸುವೆನೆಂಬುದು ವ್ಯರ್ಥಪ್ರಯತ್ನ. ಆ ಕ್ಷಣದಲ್ಲಿ ದಾಂಡಿನ ತಲೆಯು ಯಾವ ವೇಗದಿಂದ ಬಂದಿದೆ, ಯಾವ ದಿಕ್ಕಿನಿಂದ ಬಂದಿದೆ, ಅದರ ಮುಖವು ಎತ್ತ ನೋಡುತ್ತಿದೆ, ಮುಖದ ಯಾವ ಭಾಗವು ಚೆಂಡಿಗೆ ತಗುಲುತ್ತಿದೆ ಎಂಬಿವೇ ಫಲವನ್ನು ನಿಶ್ಚಯಿಸುವುವು. ಇವೆಲ್ಲವೂ ತಗುಲುವುದಕ್ಕೆ ಮುಂಚೆಯೇ ನಿರ್ಣಯವಾಗಿಬಿಟ್ಟಿರುತ್ತವೆ.

ಹಾಗಾದರೆ ವೇಗವು ಬರುವುದು ಎಲ್ಲಿಂದ? ಪಂಚಗಂಗಾವಳಿಯ ದಡದಲ್ಲಿ ಬೀಸುಬಲೆ ಹಾಕುವವರನ್ನು ನಮ್ಮ ತಲ್ಲೂರಿನ ಸುತ್ತಲಿನವರೆಲ್ಲರೂ ಕಂಡಿದ್ದಾರೆ. ಸೀಸದ ಗುಂಡುಗಳನ್ನು ಪೋಣಿಸಿದ ಆ ಬಲೆಯ ಭಾರವು ಕಡಿಮೆಯದಲ್ಲ. ಬಲೆಗಾರನು ಅದನ್ನು ತೋಳಿನಿಂದ ಎಸೆಯುವುದಿಲ್ಲ. ಕಾಲನ್ನು ಊರಿ, ನಡುವನ್ನು ಒಂದು ಕಡೆಗೆ ತಿರುಚಿ, ಮತ್ತೆ ಕಾಲಿನಿಂದಲೇ ಬಿಚ್ಚತೊಡಗುತ್ತಾನೆ. ಮೊದಲು ಸೊಂಟ ತಿರುಗುವುದು, ಅನಂತರ ಎದೆ, ಅನಂತರ ಭುಜ, ಕಡೆಗೆ ಕೈ. ಕೈಯಿಂದ ಬಿಟ್ಟ ಬಲೆಯು ಆಕಾಶದಲ್ಲಿ ಛತ್ರಿಯಂತೆ ಅರಳಿ ನೀರಿಗೆ ಬೀಳುವುದು. ತೋಳಿನಿಂದಲೇ ಎಸೆಯಲು ಹೋದ ಹೊಸಬನ ಬಲೆಯಾದರೋ ಮುದ್ದೆಯಾಗಿ ಅವನ ಕಾಲಬುಡದಲ್ಲೇ ಬೀಳುವುದು. ಹಾಗೆಯೇ ಹಡಿಮಂಚಕ್ಕೆ ಭತ್ತದ ಕಟ್ಟನ್ನು ಬಡಿಯುವ ಹೆಂಗಸರನ್ನು ನೋಡಿರಿ. ಬೆಳಗಿನಿಂದ ಮಧ್ಯಾಹ್ನದ ವರೆಗೆ ಆಯಾಸವಿಲ್ಲದೆ ಬಡಿಯುವರು. ಕಟ್ಟಿನ ಬುಡ ಮುಂದೆ ಬರುವುದು, ತೆನೆಯ ತುದಿ ಹಿಂದೆ ಉಳಿದು ಎಲ್ಲಕ್ಕೂ ಕಡೆಯಲ್ಲಿ, ಎಲ್ಲಕ್ಕಿಂತ ವೇಗದಿಂದ ಬಂದು ಬೀಳುವುದು. ಕಾಳು ಉದುರುವುದು ಆ ತುದಿಯ ವೇಗದಿಂದ.

ಗಾಲ್ಫಿನ ಬೀಸು ಇದೇ. ನೆಲದಿಂದ ಕಾಲಿಗೆ, ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಕೈಗೆ, ಕೈಯಿಂದ ದಾಂಡಿನ ತಲೆಗೆ ಚಲನೆಯು ಒಂದರಿಂದೊಂದಕ್ಕೆ ದಾಟುತ್ತ ಹೋಗಬೇಕು. ಒಂದೊಂದು ಅಂಗವೂ ತನ್ನ ಸರದಿಯನ್ನು ಕಾಯಬೇಕು. ಸರದಿ ತಪ್ಪಿಸಿ ತೋಳು ಮುಂದಕ್ಕೆ ನುಗ್ಗಿದರೆ ಕಾಲು ಸೊಂಟಗಳಲ್ಲಿ ಕೂಡಿಟ್ಟ ಶಕ್ತಿಯು ಅಲ್ಲಿಯೇ ಉಳಿದು ಬೆನ್ನನ್ನು ನೋಯಿಸುವುದು. ಬಲ ಬೇಡವೆಂದು ನಾನು ಹೇಳುತ್ತಿಲ್ಲ. ಬಲಕ್ಕಿಂತ ಕ್ರಮವು ಮುಂಚೆ ಎಂಬುದೇ ಸಿದ್ಧಾಂತ.

ಒಂದು ನಿದರ್ಶನ

ಇದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಅವರಿಗಿಂತ ಉತ್ತಮವಾದ ಸಾಕ್ಷಿ ನನಗೆ ತೋರದು. ಇವರು ಹುಟ್ಟಿದ್ದು 1998ರ ಮಾರ್ಚಿ 29ರಂದು. ಚಲ್ಲಘಟ್ಟದ ಕೆರೆಯಿದ್ದ ಸ್ಥಳದಲ್ಲಿ ಈಗ ಕರ್ನಾಟಕ ಗಾಲ್ಫ್ ಸಂಸ್ಥೆಯ ಬಯಲಿದೆ. ಅದು ಕಾಣುವಂತಹ ಒಂದು ಉಪಾಹಾರಗೃಹಕ್ಕೆ ತಾಯಿತಂದೆಗಳೊಡನೆ ಹೋಗುತ್ತಿದ್ದ ಐದು ವರ್ಷದ ಹುಡುಗಿಗೆ ಆಟದಲ್ಲಿ ಆಸಕ್ತಿ ಹುಟ್ಟಿತು. ತಾಯಿತಂದೆಗಳು ಮೊದಲು ಈ ಆಟವನ್ನು ಬಲ್ಲವರಲ್ಲ. ಮಗಳೊಡನೆ ತಾವೂ ಕಲಿತರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಮಗಳ ದಾಂಡುಗಳ ಚೀಲವನ್ನು ಹೊತ್ತವರು ತಂದೆ. ಟೋಕಿಯೋದಲ್ಲಿ ಹೊತ್ತವರು ತಾಯಿ. ಗೃಹಸ್ಥರಾದ ನಾವು ಇದನ್ನು ಗಮನಿಸತಕ್ಕದ್ದು.

ಟೋಕಿಯೋ ಪಂದ್ಯವು 2021ರ ಆಗಸ್ಟ್ ತಿಂಗಳಲ್ಲಿ ನಡೆಯಿತು. ಅರುವತ್ತು ಮಂದಿ ಸ್ಪರ್ಧಿಗಳು. ಅದಿತಿಯವರಿಗೆ ಆಗ ಜಗತ್ತಿನ ಪಟ್ಟಿಯಲ್ಲಿ 200ನೆಯ ಸ್ಥಾನ. ಕೆಲವೇ ವಾರಗಳ ಹಿಂದೆ ಕೋವಿಡ್ ಬಂದುಹೋಗಿ ಮೈಯ ಕಸುವು ಕುಗ್ಗಿದ್ದಿತು. ಡ್ರೈವರಿನಿಂದ ದೂರ ಹೊಡೆಯುವವರಲ್ಲಿ ಅವರು ತೀರ ಕೆಳಗಿನ ಪಂಕ್ತಿಯವರಾಗಿದ್ದರು. ಪ್ರತಿಸ್ಪರ್ಧಿಗಳ ಚೆಂಡುಗಳು ಇವರದನ್ನು ದಾಟಿ ಎಷ್ಟೋ ಗಜ ಮುಂದೆ ಹೋಗಿ ಬೀಳುತ್ತಿದ್ದುವು. ಆದರೂ ನಾಲ್ಕು ದಿನಗಳ ಅವರ ಎಣಿಕೆ 67, 66, 68, 68, ಒಟ್ಟು 269. ನಿಗದಿಯಾದ ಎಣಿಕೆಗಿಂತ ಇದು ಹದಿನೈದು ಕಡಿಮೆ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾರವರು ಹದಿನೇಳು ಕಡಿಮೆ. ಬೆಳ್ಳಿ ಕಂಚುಗಳನ್ನು ಪಡೆದ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಹದಿನಾರು ಕಡಿಮೆ. ನಮ್ಮ ಹುಡುಗಿಗೆ ನಾಲ್ಕನೆಯ ಸ್ಥಾನ. ಪದಕಕ್ಕೆ ಒಂದೇ ಹೊಡೆತದ ಅಂತರ. ಅಂದು ಮುಂಜಾನೆ ಎದ್ದು ಗಾಲ್ಫಿನ ಗಂಧವೇ ಅರಿಯದ ಎಷ್ಟೋ ಮನೆಗಳಲ್ಲಿ ಆ ಪಂದ್ಯವನ್ನು ನೋಡಿದರು.

ಇಲ್ಲಿ ಒಂದು ಆಕ್ಷೇಪಣೆ ಬರುವುದು. “ಹಾಗಾದರೆ ದೂರವೇ ಬೇಡವಲ್ಲ?” ಎಂದು ಯಾರಾದರೂ ಕೇಳಬಹುದು. ಬೇಡವೆಂದಲ್ಲ. ದೂರವೂ ಇದ್ದಿದ್ದರೆ ಆ ಒಂದು ಹೊಡೆತವು ಉಳಿಯುತ್ತಿದ್ದಿತೋ ಏನೋ. ಅವರೂ ಆಮೇಲೆ ವ್ಯಾಯಾಮದಿಂದ ದೂರವನ್ನು ಹೆಚ್ಚಿಸಿಕೊಳ್ಳಲು ಶ್ರಮಿಸಿದರು; 2023ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ದೊಡ್ಡ ಪಂದ್ಯವೊಂದರಲ್ಲಿ ಸಮಬಲರಾಗಿ ನಿಂತ ಮೂವರಲ್ಲಿ ಒಬ್ಬರಾದರು. ಗಮನಿಸಬೇಕಾದುದು ಅನುಕ್ರಮವನ್ನು. ಮೊದಲು ನೇರ, ಅನಂತರ ದೂರ. ನೇರ ಹೊಡೆಯಬಲ್ಲವನಿಗೆ ದೂರವನ್ನು ಸೇರಿಸಿಕೊಳ್ಳಬಹುದು. ದೂರವನ್ನು ಮಾತ್ರ ಬಲ್ಲವನು ಕಾಡಿನಲ್ಲಿ ಚೆಂಡು ಹುಡುಕುವುದರಲ್ಲೇ ದಿನ ಕಳೆಯಬೇಕು.

ಲೆಕ್ಕದಿಂದಲೂ ಇದು ಸ್ಪಷ್ಟವಾಗುವುದು. ಮುಖವು ಗುರಿಯಿಂದ ಒಂದೇ ಒಂದು ಡಿಗ್ರಿ ತಿರುಗಿದ್ದು, ಚೆಂಡು ಆ ದಿಕ್ಕಿನಲ್ಲಿ ಸೀದಾ ಹೋದರೂ, ಇನ್ನೂರು ಗಜದ ಕೊನೆಯಲ್ಲಿ ಮೂರೂವರೆ ಗಜ ಪಕ್ಕಕ್ಕೆ ಬೀಳುವುದು. ಐದು ಡಿಗ್ರಿಯಾದರೆ ಹದಿನೇಳು ಗಜಕ್ಕೂ ಮಿಕ್ಕು. ಹೆಚ್ಚು ಬಲ ಹಾಕಿ ಹತ್ತಿಪ್ಪತ್ತು ಗಜ ಗಳಿಸುವ ಆಸೆಯಲ್ಲಿ ಮುಖವನ್ನು ಐದು ಡಿಗ್ರಿ ಕೆಡಿಸಿಕೊಂಡವನಿಗೆ ಲಾಭವೆಷ್ಟು ನಷ್ಟವೆಷ್ಟು ಎಂಬುದನ್ನು ಹೋಟೆಲಿನ ಲೆಕ್ಕ ಬಲ್ಲವರಿಗೆ ನಾನು ಹೇಳಬೇಕಾದುದಿಲ್ಲ.

ನಿಲುವು ಮತ್ತು ಹಿಡಿ

ಇನ್ನು ಮಾಡತಕ್ಕ ರೀತಿ. ಬಲಗೈಯವರನ್ನು ಉದ್ದೇಶಿಸಿ ಬರೆಯುತ್ತೇನೆ. ಎಡಗೈಯವರು ಎಡಬಲಗಳನ್ನು ಬದಲಿಸಿಕೊಳ್ಳಲಿ.

ಧನುರ್ವಿದ್ಯೆಯಲ್ಲಿ ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ ಎಂದು ನಿಲುವುಗಳನ್ನು ವಿಂಗಡಿಸಿದ್ದಾರೆ. ಬಾಣ ಬಿಡುವುದಕ್ಕೆ ಮುಂಚೆ ಕಾಲನ್ನು ಹೇಗಿಡಬೇಕೆಂದು ಹಿರಿಯರು ಅಷ್ಟು ವಿಚಾರಮಾಡಿದ್ದು ಸುಮ್ಮನೆ ಅಲ್ಲ. ಡ್ರೈವರಿಗೆ ಬೇಕಾದುದು ಪಾದಗಳನ್ನು ಅಗಲವಾಗಿಟ್ಟ ನಿಲುವು. ಭುಜಗಳ ಅಗಲಕ್ಕಿಂತ ಕೊಂಚ ಹೆಚ್ಚಾಗಿ ಕಾಲುಗಳನ್ನು ಅಗಲಿಸಿರಿ. ಮೊಣಕಾಲುಗಳು ಸ್ವಲ್ಪ ಸಡಿಲವಾಗಿರಲಿ. ಸೊಂಟದಿಂದ ಬಾಗಿರಿ, ಬೆನ್ನು ಗೂನಾಗಬಾರದು. ಚೆಂಡು ಎಡಗಾಲ ಹಿಮ್ಮಡಿಯ ಒಳಬದಿಗೆ ನೇರವಾಗಿ ಇರಲಿ. ಉಳಿದ ದಾಂಡುಗಳಿಗೆ ಚೆಂಡು ಇಷ್ಟು ಮುಂದಿರುವುದಿಲ್ಲ. ಡ್ರೈವರಿಗೆ ಮಾತ್ರ ಹೀಗೆ. ಏಕೆಂದರೆ, ದಾಂಡಿನ ತಲೆಯು ತನ್ನ ಕಮಾನಿನ ತಳವನ್ನು ದಾಟಿ ಸ್ವಲ್ಪ ಮೇಲಕ್ಕೇರುವಾಗ ಚೆಂಡನ್ನು ತಗುಲಬೇಕು. ಇದೇ ಕಾರಣದಿಂದ ಟೀಯ ಎತ್ತರವು, ದಾಂಡನ್ನು ಪಕ್ಕದಲ್ಲಿಟ್ಟು ನೋಡಿದಾಗ ಚೆಂಡಿನ ಅರ್ಧವು ತಲೆಯ ಮೇಲಂಚಿನಿಂದ ಮೇಲೆ ಕಾಣುವಷ್ಟಿರಬೇಕು. ಬಲಭುಜವು ಎಡಭುಜಕ್ಕಿಂತ ತುಸು ತಗ್ಗಿರಲಿ.

ಹಿಡಿಯ ವಿಷಯ. ಎಡಗೈ ಮೇಲೆ, ಬಲಗೈ ಕೆಳಗೆ. ಮೇಲಿನಿಂದ ನೋಡಿದರೆ ಎಡಗೈಯ ಎರಡು ಗೆಣ್ಣುಗಳಾದರೂ ಕಾಣಬೇಕು. ಚೆಂಡು ಬಲಕ್ಕೆ ಹೋಗುವವರಿಗೆ ಮೂರು ಕಂಡರೂ ಬಾಧಕವಿಲ್ಲ. ಎಷ್ಟು ಬಿಗಿಯಾಗಿ ಹಿಡಿಯಬೇಕು? ವಿದ್ಯಾರಂಭದ ದಿವಸ ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವಾಗ ಮಗುವಿನ ಬೆರಳನ್ನು ಹಿಡಿಯುವಷ್ಟು. ಸಡಿಲಬಿಟ್ಟರೆ ಅಕ್ಷರ ಮೂಡದು. ಬಿಗಿದರೆ ಮಗು ಅಳುವುದು. ಪತ್ರ ಬರೆದ ಮಹನೀಯರಿಗೆ ಅವರ ಅಡಿಗೆಮನೆಯಲ್ಲೇ ದೃಷ್ಟಾಂತವಿದೆ. ಕಾವಲಿಯ ಮೇಲೆ ದೋಸೆಯ ಹಿಟ್ಟನ್ನು ಸುತ್ತುವ ಕೈ ಸೌಟನ್ನು ಒತ್ತುವುದಿಲ್ಲ; ಒತ್ತಿದರೆ ದೋಸೆ ಹರಿಯುವುದು. ಮುಷ್ಟಿ ಬಿಗಿದರೆ ಮಣಿಕಟ್ಟು ಬಿಗಿಯುವುದು, ಮಣಿಕಟ್ಟು ಬಿಗಿದರೆ ತೋಳು, ತೋಳಿನಿಂದ ಭುಜ, ಭುಜದಿಂದ ಕುತ್ತಿಗೆ. ದಾಂಡಿನ ತಲೆಯು ತನ್ನಷ್ಟಕ್ಕೆ ತಿರುಗಿ ಬಂದು ಚೆಂಡಿನೆದುರು ನೇರವಾಗುವ ಅವಕಾಶವೇ ತಪ್ಪಿಹೋಗುವುದು.

ಬೀಸಿನ ಕಾಲಮಾನ

ದಾಂಡನ್ನು ಹಿಂದಕ್ಕೆ ಒಯ್ಯುವಾಗ ಅವಸರ ಬೇಡ. ಭುಜಗಳು ತಿರುಗಲಿ, ನಿಮ್ಮ ಬೆನ್ನು ಗುರಿಯ ಕಡೆಗೆ ಆಗುವಷ್ಟು ತಿರುಗಿದರೆ ಉತ್ತಮ, ಆಗದಿದ್ದರೆ ಮೈ ಒಪ್ಪಿದಷ್ಟು. ಸೊಂಟವು ಭುಜಕ್ಕಿಂತ ಕಡಿಮೆ ತಿರುಗಲಿ. ಮೈಯೆಲ್ಲ ಬಲಕ್ಕೆ ಜರುಗಬಾರದು. ಮಂತನ್ನು ತಿರುಗಿಸುವಾಗ ಅದು ಇದ್ದಲ್ಲೇ ತಿರುಗುವಂತೆ ಬೆನ್ನೆಲುಬಿನ ಸುತ್ತ ತಿರುಗಬೇಕು. ಮೇಲೆ ತಲಪಿದ ಮೇಲೆ ಇಳಿಯತೊಡಗುವುದು ಕೈಯಿಂದಲ್ಲ, ಎಡಗಾಲಿನಿಂದ. ಎಡ ಹಿಮ್ಮಡಿಯನ್ನು ನೆಲಕ್ಕೆ ಒತ್ತಿರಿ. ಸೊಂಟವು ಗುರಿಯ ಕಡೆಗೆ ತೆರೆಯುವುದು. ಉಳಿದುವು ತಾವಾಗಿಯೇ ಹಿಂಬಾಲಿಸುವುವು. ಕೊನೆಯಲ್ಲಿ ಎದೆಯು ಗುರಿಯನ್ನು ನೋಡುತ್ತಿರಬೇಕು, ಬಲ ಹಿಮ್ಮಡಿ ಎದ್ದಿರಬೇಕು, ಮೈಯ ಭಾರವೆಲ್ಲ ಎಡಗಾಲಿನ ಮೇಲಿರಬೇಕು. ಆ ನಿಲುವಿನಲ್ಲಿ ಮೂರು ಎಣಿಸುವ ವರೆಗೆ ಅಲುಗದೆ ನಿಲ್ಲಲು ಆಗದಿದ್ದರೆ, ಶಕ್ತಿಗೆ ಮೀರಿ ಬೀಸಿದಿರೆಂದು ಅರ್ಥ. ಇದಕ್ಕಿಂತ ಸುಲಭವಾದ ಪರೀಕ್ಷೆ ಮತ್ತೊಂದಿಲ್ಲ.

ಏರುವ ಕಾಲಕ್ಕೂ ಇಳಿಯುವ ಕಾಲಕ್ಕೂ ಇರತಕ್ಕ ಪ್ರಮಾಣವೇನು? ನುರಿತ ಆಟಗಾರರ ಬೀಸನ್ನು ಅಳೆದವರು ಅದು ಹೆಚ್ಚು ಕಡಿಮೆ ಮೂರಕ್ಕೆ ಒಂದು ಎಂದು ಹೇಳಿದ್ದಾರೆ. ಹಿಂದಕ್ಕೆ ಒಯ್ಯಲು ಮುಕ್ಕಾಲು ಸೆಕೆಂಡು ಹಿಡಿದರೆ ಚೆಂಡಿಗೆ ಇಳಿದು ಬರಲು ಕಾಲು ಸೆಕೆಂಡು. ವ್ಯಾಕರಣವನ್ನೋದಿದವರಿಗೆ ಇದನ್ನು ನೆನಪಿಡುವುದು ಸುಲಭ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಕೋಳಿಯ ಕೂಗಿನಲ್ಲಿ ಈ ಮೂರನ್ನೂ ಕೇಳಬಹುದೆಂದು ಗುರುಗಳು ಹೇಳಿಕೊಡುತ್ತಿದ್ದರು. ಗಾಲ್ಫಿನ ಬೀಸಿನಲ್ಲಿ ಏರುವುದು ಪ್ಲುತ, ಇಳಿಯುವುದು ಹ್ರಸ್ವ. ದೂರದಲ್ಲಿರುವವನನ್ನು ಕರೆಯುವಾಗ ಹೆಸರಿನ ಕೊನೆಯ ಸ್ವರವನ್ನು ಎಳೆಯುತ್ತೇವಲ್ಲವೆ? ಹಾಗೆ ಎಳೆದು ದಾಂಡನ್ನು ಏರಿಸಿರಿ. ಪ್ಲುತವನ್ನು ಹ್ರಸ್ವ ಮಾಡಿದವನ ಬೀಸು ಛಂದಸ್ಸು ಕೆಟ್ಟ ಪದ್ಯದಂತೆ ಎಲ್ಲೋ ಒಂದು ಕಡೆ ಎಡವಲೇಬೇಕು.

ಬಲಕ್ಕೆ ಹೊರಳುವ ಚೆಂಡು

ಈಗ ಪತ್ರದ ಮುಖ್ಯ ಪ್ರಶ್ನೆಗೆ ಬರೋಣ. ಚೆಂಡು ಹೊರಟ ಮೇಲೆ ಬಲಕ್ಕೆ ಬಾಗುವುದೇಕೆ? ಚೆಂಡು ಹಾರುವಾಗ ಹಿಮ್ಮುಖವಾಗಿ ತಿರುಗುತ್ತಿರುವುದು. ಆ ತಿರುಗುವಿಕೆಯಿಂದ ಗಾಳಿಯು ಅದನ್ನು ಎತ್ತಿ ಹಿಡಿಯುವುದು. ಎಡಿನ್‌ಬರೋದ ಭೌತಶಾಸ್ತ್ರದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್ ಎಂಬವರು 1890ರ ದಶಕದಲ್ಲಿ ಇದನ್ನು ಗಣಿತದಿಂದ ವಿವರಿಸಿದರು. ಅವರ ಮಗ ಫ್ರೆಡರಿಕ್ ಟೇಟ್ 1896ರಲ್ಲಿಯೂ 1898ರಲ್ಲಿಯೂ ಬ್ರಿಟನ್ನಿನ ಹವ್ಯಾಸಿಗಳ ಚಾಂಪಿಯನ್ ಆಗಿದ್ದರು. ತಂದೆ ಲೆಕ್ಕ ಹಾಕಿದರು, ಮಗ ಆಡಿ ತೋರಿಸಿದರು. ಈ ತಿರುಗುವಿಕೆಯ ಅಕ್ಷವು ಮಟ್ಟವಾಗಿದ್ದರೆ ಚೆಂಡು ನೇರ ಹೋಗುವುದು. ಬಲಕ್ಕೆ ವಾಲಿದರೆ ಚೆಂಡೂ ಬಲಕ್ಕೆ ಬಾಗುವುದು.

ಅಕ್ಷವು ವಾಲುವುದು ಯಾವಾಗ? ದಾಂಡು ಬರುವ ದಾರಿ ಒಂದು ಕಡೆಗೂ, ಅದರ ಮುಖ ಇನ್ನೊಂದು ಕಡೆಗೂ ಇದ್ದಾಗ. ಹೊಸಬರಲ್ಲಿ ಬಹುಮಂದಿ ಇಳಿಯುವಾಗ ಮೊದಲು ಬಲಭುಜವನ್ನು ಮುಂದಕ್ಕೆ ನೂಕುವರು. ಅದರಿಂದ ದಾಂಡು ಹೊರಗಿನಿಂದ ಒಳಕ್ಕೆ ಚೆಂಡನ್ನು ಸವರಿಕೊಂಡು ಹೋಗುವುದು. ಮುಷ್ಟಿ ಬಿಗಿದಿದ್ದರಿಂದ ಮುಖವು ಮುಚ್ಚದೆ ಬಲಕ್ಕೆ ತೆರೆದೇ ಇರುವುದು. ಇವೆರಡೂ ಕೂಡಿದರೆ ಚೆಂಡು ಮರಗಳ ಪಾಲು. ಇನ್ನು ವಿನೋದವನ್ನು ನೋಡಿರಿ. ಬಲಕ್ಕೆ ಹೋಗುತ್ತದೆಂದು ಆಟಗಾರನು ಎಡಕ್ಕೆ ಗುರಿಯಿಟ್ಟು ನಿಲ್ಲುವನು. ಅದರಿಂದ ದಾಂಡಿನ ದಾರಿಯು ಇನ್ನಷ್ಟು ಒಳಕ್ಕೆ ಬರುವುದು. ಚೆಂಡು ಇನ್ನಷ್ಟು ಬಾಗುವುದು. ಆಗ ಸಿಟ್ಟಿನಿಂದ ಇನ್ನಷ್ಟು ಬಲ. ಬಲಭುಜವು ಇನ್ನಷ್ಟು ಮುಂದೆ. “ಬಲ ಹಾಕಿದಷ್ಟೂ ಬಲಕ್ಕೆ” ಎಂದು ಅವರು ಬರೆದುದು ಶಬ್ದಶ್ಲೇಷ ಮಾತ್ರವಲ್ಲ, ಅಕ್ಷರಶಃ ಸತ್ಯ.

ಪರಿಹಾರ ಮೂರು. ಒಂದನೆಯದು, ಮೊದಲು ಹೇಳಿದಂತೆ ಎಡಗೈಯ ಹಿಡಿಯನ್ನು ಬಲಕ್ಕೆ ಕೊಂಚ ಹೊರಳಿಸಿ, ಬಿಗಿಯನ್ನು ಬಿಡುವುದು. ಎರಡನೆಯದು, ಬಲಪಾದವನ್ನು ಗುರಿಯ ಗೆರೆಯಿಂದ ಮೂರು ನಾಲ್ಕು ಅಂಗುಲ ಹಿಂದಕ್ಕೆ ಸರಿಸಿ ನಿಂತು ಅಭ್ಯಾಸಮಾಡುವುದು. ಮೂರನೆಯದು, ಚೆಂಡಿನ ಆಚೆ ಬದಿಯಲ್ಲಿ, ಒಂದು ಗೇಣು ಹಿಂದಕ್ಕೆ, ಮಡಿಸಿದ ಬೈರಾಸನ್ನು ಇಟ್ಟು, ಇಳಿಯುವಾಗ ದಾಂಡು ಅದಕ್ಕೆ ತಗುಲದಂತೆ ಬೀಸುವುದು. ಹೊರಗಿನಿಂದ ಬಂದರೆ ಬೈರಾಸು ಹಾರಿ ಬೀಳುವುದು. ಗುರುವಿಲ್ಲದೆಯೇ ತಪ್ಪು ತಿಳಿಯುವುದು.

ಐವತ್ತು ದಾಟಿದವರಿಗೆ

ಸೊಂಟದ ಮಾತು ಎಲ್ಲಕ್ಕಿಂತ ದೊಡ್ಡದು. ಆಟ ಹೋದರೆ ಇನ್ನೊಂದು ಆಟ ಉಂಟು. ಬೆನ್ನು ಹೋದರೆ ಇನ್ನೊಂದು ಬೆನ್ನಿಲ್ಲ. ಹವ್ಯಾಸಕ್ಕಾಗಿ ಆಡುವವರಲ್ಲಿ ಅತಿಯಾಗಿ ಕಾಣುವ ನೋವುಗಳಲ್ಲಿ ಕೆಳಬೆನ್ನಿನದು ಮುಖ್ಯವಾದುದು. ತರುಣ ಆಟಗಾರರು ಸೊಂಟವನ್ನು ಬಿಗಿಹಿಡಿದು ಭುಜವನ್ನು ಮಾತ್ರ ತಿರುಚಿ ಬೀಸುವುದನ್ನು ದೂರದರ್ಶನದಲ್ಲಿ ಕಂಡು ಅನುಕರಿಸಬೇಡಿರಿ. ಅವರ ಬೆನ್ನು ಬೇರೆ, ನಮ್ಮದು ಬೇರೆ. ಎರಡು ಪಾದಗಳ ಬೆರಳುಗಳನ್ನೂ ಸ್ವಲ್ಪ ಹೊರಮುಖವಾಗಿ ತಿರುಗಿಸಿ ನಿಲ್ಲಿರಿ. ದಾಂಡನ್ನು ಹಿಂದಕ್ಕೆ ಒಯ್ಯುವಾಗ ಎಡ ಹಿಮ್ಮಡಿಯು ನೆಲದಿಂದ ಏಳುವುದಾದರೆ ಏಳಲಿ. ಸೊಂಟವೂ ಭುಜದೊಡನೆ ತಿರುಗಲಿ. ಇದರಿಂದ ಬೆನ್ನಿನ ಮೇಲಣ ತಿರುಚು ಎಷ್ಟೋ ಇಳಿಯುವುದು. ಪೂರ್ಣವಾಗಿ ತಿರುಗಲಾರದವರು ಮುಕ್ಕಾಲು ಬೀಸಿಗೇ ತೃಪ್ತರಾಗಲಿ. ದಾಂಡನ್ನು ಕೊಳ್ಳುವಾಗ ಮುಖದ ವಾಲು ಒಂಬತ್ತು ಡಿಗ್ರಿಯದನ್ನು ಬಿಟ್ಟು ಹನ್ನೆರಡು ಡಿಗ್ರಿಯ ಆಸುಪಾಸಿನದನ್ನು ಆರಿಸಲಿ. ನಿಧಾನವಾದ ಬೀಸಿಗೂ ಅದು ಚೆಂಡನ್ನು ಎತ್ತಿ ಕೊಡುವುದು.

ಮೋಟಾರಿನಿಂದ ಇಳಿದೊಡನೆ ಡ್ರೈವರನ್ನು ಹಿಡಿಯಕೂಡದು. ಹತ್ತು ನಿಮಿಷ ನಡೆದು, ತೋಳು ಸೊಂಟಗಳನ್ನು ಮೆಲ್ಲಗೆ ತಿರುಗಿಸಿ, ಸಣ್ಣ ದಾಂಡಿನಿಂದ ಹತ್ತು ಚೆಂಡು ಹೊಡೆದ ಬಳಿಕವೇ ದೊಡ್ಡದು. ನೋವಿದ್ದ ದಿನ ನಡಿಗೆ ಸಾಕು, ಬೀಸು ಬೇಡ. ನೋವು ಸೊಂಟದಿಂದ ಕಾಲಿಗೆ ಹರಿಯುತ್ತಿದ್ದರೆ ಅಥವಾ ಕಾಲು ಜೋಮು ಹಿಡಿಯುತ್ತಿದ್ದರೆ ಈ ಲೇಖನವನ್ನು ಬದಿಗಿಟ್ಟು ವೈದ್ಯರನ್ನು ಕಾಣತಕ್ಕದ್ದು.

ಅಭ್ಯಾಸಕ್ರಮ

ಲೋಹಕಾರನ ಬಳಿಗೆ ಒಬ್ಬನು ಸೂಜಿಯನ್ನೂ ಇನ್ನೊಬ್ಬನು ಕಡಾಯಿಯನ್ನೂ ಮಾಡಿಕೊಡೆಂದು ಬಂದರೆ ಅವನು ಮೊದಲು ಸೂಜಿಯನ್ನು ಮಾಡಿ ಮುಗಿಸುವನು. ಇದಕ್ಕೆ ಸೂಚೀಕಟಾಹನ್ಯಾಯವೆಂದು ಹೆಸರು. ಅಭ್ಯಾಸದಲ್ಲಿಯೂ ಮೊದಲು ಸಣ್ಣದು. ಮೊದಲ ವಾರ ದಾಂಡನ್ನು ಸೊಂಟದ ಎತ್ತರಕ್ಕೆ ಮಾತ್ರ ಒಯ್ದು, ಅಷ್ಟೇ ಎತ್ತರಕ್ಕೆ ಮುಗಿಸಿರಿ. ಚೆಂಡು ಮುಖದ ಮಧ್ಯಕ್ಕೆ ತಗುಲುವ ಸದ್ದನ್ನು ಕಿವಿ ಗುರುತಿಸುವಂತಾಗಲಿ. ಎರಡನೆಯ ವಾರ ಎದೆಯ ಎತ್ತರಕ್ಕೆ. ಮೂರನೆಯ ವಾರ ಮುಕ್ಕಾಲು ಬೀಸು. ಪೂರ್ಣ ಬೀಸು ನಾಲ್ಕನೆಯ ವಾರಕ್ಕಿರಲಿ. ಡ್ರೈವರಿನಿಂದ ದಿನಕ್ಕೆ ಇಪ್ಪತ್ತು ಚೆಂಡು ಸಾಕು. ಒಂದೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳಿರಿ. ನೂರು ಚೆಂಡುಗಳನ್ನು ಸಾಲಾಗಿ ಬಡಿಯುವವನು ತನ್ನ ದೋಷವನ್ನೇ ನೂರು ಸಲ ಬಾಯಿಪಾಠಮಾಡುವನು.

ಮನೆಯಂಗಳದಲ್ಲಿ ಮಾಡಬಹುದಾದ ಅಭ್ಯಾಸವೊಂದಿದೆ. ಇದಕ್ಕೆ ಬಯಲೂ ಬೇಡ, ಚೆಂಡೂ ಬೇಡ. ಒಂದು ತೆಳುವಾದ ಬೆತ್ತವನ್ನು ತೆಗೆದುಕೊಳ್ಳಿರಿ. ಶಾಲೆಗಳಲ್ಲಿ ಬೆತ್ತಕ್ಕೆ 2009ರ ಶಿಕ್ಷಣ ಹಕ್ಕಿನ ಕಾನೂನಿನಿಂದ ಕೆಲಸ ತಪ್ಪಿದೆಯಾದ್ದರಿಂದ ಅದನ್ನು ಈ ಸತ್ಕಾರ್ಯಕ್ಕೆ ಉಪಯೋಗಿಸಬಹುದು. ಚೆಂಡು ಇರಬೇಕಾದಲ್ಲಿ ಒಂದು ಎಲೆಯನ್ನಿಟ್ಟು, ಬೆತ್ತವನ್ನು ದಾಂಡಿನಂತೆ ಹಿಡಿದು ಬೀಸಿರಿ. ಸುಂಯ್ ಎಂಬ ಶಬ್ದ ಬರುವುದು. ಅದು ಎಲ್ಲಿ ಬಂದಿತೆಂದು ಆಲಿಸಿರಿ. ಬಲಭುಜದ ಹತ್ತಿರವೇ ಶಬ್ದ ಬಂದರೆ ವೇಗವೆಲ್ಲ ಮೊದಲೇ ವ್ಯಯವಾಯಿತು. ಚೆಂಡಿಗೆ ಉಳಿದುದು ಆಯಾಸ ಮಾತ್ರ. ಶಬ್ದವು ಎಲೆಯ ಬಳಿಯಲ್ಲಿ, ಅಥವಾ ಅದನ್ನು ದಾಟಿ ಎಡಕ್ಕೆ ಬರಬೇಕು. ಕೈಯನ್ನು ಅವಸರಿಸಿದಷ್ಟು ಶಬ್ದವು ಹಿಂದೆ ಸರಿಯುವುದು. ಕಾಲಿನಿಂದ ಆರಂಭಿಸಿ ಕೈಯನ್ನು ಕಾಯಿಸಿದಷ್ಟು ಮುಂದೆ ಬರುವುದು. ದಿನಕ್ಕೆ ಹದಿನೈದು ಸಲ ಹೀಗೆ ಮಾಡಿದರೆ ಒಂದು ತಿಂಗಳಲ್ಲಿ ಕಿವಿಯೇ ಗುರುವಾಗುವುದು. ಮೊಮ್ಮಕ್ಕಳಿದ್ದರೆ ಎಲ್ಲಿ ಶಬ್ದ ಬಂತೆಂದು ಹೇಳುವ ಕೆಲಸವನ್ನು ಅವರಿಗೆ ಕೊಡಿರಿ. ಅವರ ಕಿವಿ ನಮ್ಮದಕ್ಕಿಂತ ಚುರುಕು. ಅಜ್ಜನ ತಪ್ಪು ಹಿಡಿಯುವುದರಲ್ಲಿ ಉತ್ಸಾಹವೂ ಹೆಚ್ಚು.

ಮನುಷ್ಯನು ಪ್ರಾಯದಲ್ಲಿ ಬಲದಿಂದ ಮಾಡಿದ ಕೆಲಸವನ್ನು ವಯಸ್ಸಾದ ಮೇಲೆ ಕ್ರಮದಿಂದ ಮಾಡಬೇಕಾಗುತ್ತದೆ. ಇದನ್ನು ನಷ್ಟವೆಂದು ಕೆಲವರು ದುಃಖಿಸುವರು. ಬೀಸುಬಲೆಯ ಮುದುಕನು ಹಾಗೆ ದುಃಖಿಸಿದುದನ್ನು ನಾನು ಕಂಡಿಲ್ಲ. ಅವನ ಬಲೆ ಇಂದಿಗೂ ದುಂಡಗೆ ಅರಳುವುದು. ಪಕ್ಕದ ತರುಣನದು ಇನ್ನೂ ಮುದ್ದೆಯಾಗಿ ಬೀಳುವುದು. ತರುಣನಿಗೆ ಮುದುಕನು ಹೇಳುವುದು ಒಂದೇ ಮಾತು: “ಎಸೆಯಬೇಡ, ಬಿಡು.”